ಧ್ರುವಪ್ರಭೆಯ ಬೆನ್ನು ಹತ್ತಿದ ಬಿರ್ಕೆಲಂಡ್

ಯೂರೋಪು ಖಂಡದ ಭೂಪಟದಲ್ಲಿ ಮೇಲ್ತುದಿಯತ್ತ ಕಣ್ಣು ಹಾಯಿಸಿದರೆ ನಾರ್ವೆ ದೇಶವು ಕಾಣಿಸುತ್ತದೆ. ಅದರ ಉತ್ತರದ ಕೊನೆಯ ಸೀಮೆಗೆ ಫಿನ್‌ಮಾರ್ಕ್ ಎಂದು ಹೆಸರು. ನವೆಂಬರಿನ ಕೊನೆಯಿಂದ ಜನವರಿಯ ನಡುವಿನವರೆಗೆ ಅಲ್ಲಿ ಸೂರ್ಯನು ದಿಗಂತವನ್ನು ದಾಟಿ ಮೇಲೆ ಬರುವುದೇ ಇಲ್ಲ. ನಡುಹಗಲೆಂಬ ಹೊತ್ತಿನಲ್ಲಿ ತೆಂಕಣ ದಿಕ್ಕಿನಲ್ಲಿ ಒಂದಿಷ್ಟು ನಸುಬೆಳಕು ಸುಳಿದು ಮರೆಯಾಗುತ್ತದೆ, ಅಷ್ಟೆ. ಉಳಿದುದೆಲ್ಲ ಕತ್ತಲೆ, ಗಾಳಿ, ಹಿಮ. ಆದರೆ ಆಕಾಶವು ತಿಳಿಯಾಗಿದ್ದ ರಾತ್ರಿ ಆ ಕತ್ತಲೆಯಲ್ಲಿಯೇ ಒಂದು ವಿಸ್ಮಯವು ನಡೆಯುತ್ತದೆ. ಮೊದಲು ದಿಗಂತದಿಂದ ದಿಗಂತಕ್ಕೆ ಬಾಗಿದ ಮಸುಕಾದ ಕಮಾನೊಂದು ಮೂಡುತ್ತದೆ. ಅದು ನೋಡನೋಡುತ್ತಲೇ ಹಸುರು ಬೆಳಕಿನ ತೆರೆಯಾಗಿ ಇಳಿಬೀಳುತ್ತದೆ. ಕಿಟಕಿಗೆ ಕಟ್ಟಿದ ಪರದೆಯನ್ನು ಗಾಳಿ ಅಲುಗಿಸಿದಂತೆ ಅಲೆಯಲೆಯಾಗಿ ತುಯ್ದಾಡುತ್ತದೆ. ಅಂಚಿನಲ್ಲಿ ಕೆಂಪು ಹಾಯುತ್ತದೆ. ನೆತ್ತಿಯ ಮೇಲೆ ಕಿರೀಟದಂತೆ ಹರಡಿ ಥಟ್ಟನೆ ಆರಿಹೋಗುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಬೆಟ್ಟದ ಮೇಲೆ ನಿಂತವನಿಗೆ ತನ್ನ ಉಸಿರಿನ ಸದ್ದೇ ಕೇಳುವಷ್ಟು ನಿಶ್ಶಬ್ದ. ಇದೇ ಉತ್ತರದ ಧ್ರುವಪ್ರಭೆ.

ಈ ಬೆಳಕು ಏನು, ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿ ಹೊತ್ತು, ಬೆಚ್ಚನೆಯ ಪ್ರಯೋಗಶಾಲೆಯನ್ನು ಬಿಟ್ಟು, ಹಿಮದ ಬೆಟ್ಟದ ತುದಿಯಲ್ಲಿ ಬಿಡಾರ ಹೂಡಿದ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಂಡ್. ನಮ್ಮ ಪಠ್ಯಪುಸ್ತಕಗಳಲ್ಲಿ ಇವನ ಹೆಸರು ವಿರಳ. ತನ್ನ ದೇಶದಲ್ಲಿ ಮಾತ್ರ ಇವನು ಮನೆಮಾತಾದವನು. 1994ರಲ್ಲಿ ನಾರ್ವೆಯವರು ತಮ್ಮ 200 ಕ್ರೋನರ್ ನೋಟಿನ ಮೇಲೆ ಇವನ ಮುಖವನ್ನು ಅಚ್ಚು ಹಾಕಿಸಿದರು. ಆ ನೋಟು ಈಗ ಚಲಾವಣೆಯಲ್ಲಿಲ್ಲ.

ಬಿರ್ಕೆಲಂಡನು ಹುಟ್ಟಿದುದು 1867ನೆಯ ಡಿಸೆಂಬರ್ 13ರಂದು, ಇಂದು ಆಸ್ಲೋ ಎಂದು ಕರೆಯಲ್ಪಡುವ ಅಂದಿನ ಕ್ರಿಸ್ಟಿಯಾನಿಯಾ ನಗರದಲ್ಲಿ. ಗಣಿತದಲ್ಲಿ ಅವನದು ಚುರುಕು ಬುದ್ಧಿ. ವಿಶ್ವವಿದ್ಯಾಲಯದ ಓದು ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಮಹಾಗಣಿತಜ್ಞನಾದ ಪಾಂಕರೆಯ ಬಳಿಯೂ, ಜರ್ಮನಿಯ ಬಾನ್ ನಗರದಲ್ಲಿ ವಿದ್ಯುದಲೆಗಳನ್ನು ಕಂಡುಹಿಡಿದ ಹರ್ಟ್ಸ್‌ನ ಬಳಿಯೂ ಕಲಿತನು. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸುವ ವಿಧಾನವನ್ನು ಕುರಿತು 1895ರಲ್ಲಿ ಅವನು ಬರೆದ ಲೇಖನವು ವಿದ್ವಾಂಸರ ಗಮನವನ್ನು ಸೆಳೆಯಿತು. 1898ರಲ್ಲಿ, ಇನ್ನೂ ಮೂವತ್ತೊಂದು ತುಂಬುವ ಮೊದಲೇ, ಅವನು ಕ್ರಿಸ್ಟಿಯಾನಿಯಾದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಕುರ್ಚಿಯ ಮೇಲೆ ಕುಳಿತು ಕಾಗದದ ಮೇಲೆಯೇ ಕೀರ್ತಿ ಗಳಿಸುವ ದಾರಿ ಅವನಿಗೆ ಆಗಲೇ ತೆರೆದಿತ್ತು.

ಆದರೆ ಅಷ್ಟರಲ್ಲಿ ಅವನ ಮನಸ್ಸನ್ನು ಧ್ರುವಪ್ರಭೆಯು ಸೆಳೆದುಬಿಟ್ಟಿತ್ತು. ಆ ಕಾಲದ ವಿಜ್ಞಾನಿಗಳು ಹೊಸದಾಗಿ ಆಡುತ್ತಿದ್ದ ಆಟಿಕೆಯೊಂದಿತ್ತು. ಗಾಳಿಯನ್ನು ಬಹುಮಟ್ಟಿಗೆ ಹೊರತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ತನ್ನು ಹರಿಸಿದರೆ ಋಣಧ್ರುವದಿಂದ ಒಂದು ಬಗೆಯ ಕಿರಣಗಳು ಹೊರಡುವುವು. ಇವಕ್ಕೆ ಕ್ಯಾಥೋಡ್ ಕಿರಣಗಳೆಂದು ಹೆಸರು. ಈ ಕಿರಣಗಳ ಹತ್ತಿರಕ್ಕೆ ಅಯಸ್ಕಾಂತವನ್ನು ತಂದಾಗ ಅವು ಅದರ ಧ್ರುವದ ಕಡೆಗೆ ಒಟ್ಟುಗೂಡಿ ಹರಿಯುವುದನ್ನು ಬಿರ್ಕೆಲಂಡನು ಕಂಡನು. ಕೂಡಲೇ ಅವನಿಗೆ ಒಂದು ಯೋಚನೆ ಹೊಳೆಯಿತು. ಭೂಮಿಯೂ ಒಂದು ದೊಡ್ಡ ಅಯಸ್ಕಾಂತವಲ್ಲವೆ? ಸೂರ್ಯನಿಂದ ಇಂಥವೇ ಕಿರಣಗಳು ಹೊರಟು ಬಂದರೆ ಅವು ಭೂಮಿಯ ಎರಡು ಧ್ರುವಗಳ ಸುತ್ತಲೇ ಇಳಿಯಬೇಕು. ಮೇಲಣ ತೆಳುಗಾಳಿಗೆ ಬಡಿದು ಅದನ್ನು ಬೆಳಗಿಸಬೇಕು. 1896ರಲ್ಲಿ ಅವನು ಈ ಮತವನ್ನು ಪ್ರಕಟಿಸಿದನು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, 1892ರಲ್ಲಿ, ಬ್ರಿಟನ್ನಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ಕೆಲ್ವಿನ್ನನು ಭೂಮಿಯ ಕಾಂತಕ್ಷೇತ್ರದ ಬಿರುಗಾಳಿಗಳಿಗೆ ಸೂರ್ಯನು ಕಾರಣವಾಗಿರಲಾರನೆಂದು ಲೆಕ್ಕ ಹಾಕಿ ತೀರ್ಪು ಕೊಟ್ಟಿದ್ದನು. ಅಂಥವನ ಮಾತಿಗೆ ಎದುರಾಗಿ ನಿಂತ ಈ ತರುಣನನ್ನು ಕೇಳುವವರಾರು? ಸಾಕ್ಷ್ಯವನ್ನು ಅವನೇ ತರಬೇಕಾಯಿತು. ಸಾಕ್ಷ್ಯವಿದ್ದುದು ಫಿನ್‌ಮಾರ್ಕಿನ ಆಕಾಶದಲ್ಲಿ.

ಇಲ್ಲಿ ಒಂದು ಮಾತನ್ನು ತಿಳಿಸಬೇಕು. ಧ್ರುವಪ್ರಭೆಯು ಕುಣಿಯುವಾಗ ದಿಕ್ಸೂಚಿಯ ಮುಳ್ಳೂ ನಡುಗುತ್ತದೆಂಬುದನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಸೆಲ್ಸಿಯಸ್ ಮತ್ತು ಹ್ಯೋರ್ಟರ್ ಎಂಬವರು 1741ರಲ್ಲಿಯೇ ಕಂಡಿದ್ದರು. ಈ ನಡುಕವು ದೊಡ್ಡದಾದಾಗ ಧ್ರುವಪ್ರದೇಶದಲ್ಲಿ ಮಾತ್ರವಲ್ಲ, ಭೂಮಂಡಲದಲ್ಲೆಲ್ಲ ತಿಳಿಯುತ್ತದೆ. 1859ರ ಸೆಪ್ಟೆಂಬರಿನಲ್ಲಿ ಎದ್ದ ಮಹಾ ಕಾಂತಬಿರುಗಾಳಿಯು ನಮ್ಮ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಮುಳ್ಳನ್ನೂ ಬಲವಾಗಿ ಅಲುಗಿಸಿತ್ತು. ಆ ದಿನದ ಬರಹವನ್ನು ಇಂದಿಗೂ ಜಗತ್ತಿನ ವಿಜ್ಞಾನಿಗಳು ತೆಗೆದು ನೋಡುತ್ತಾರೆ. (ಮುಂಬಯಿಗೆ ವಿದ್ಯುತ್ ಟ್ರಾಮುಗಳು ಬರುವಂತಾದಾಗ ಅವುಗಳ ವಿದ್ಯುತ್ತಿನಿಂದ ಮುಳ್ಳು ಕೆಡುವುದೆಂದು ಅಳತೆಯ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಅಲಿಬಾಗಿಗೆ ಪ್ರವಾಸ ಹೋಗುವ ನಮ್ಮ ಶಾಲೆಯ ಮಕ್ಕಳು ಕಡಲತೀರದೊಂದಿಗೆ ಇದನ್ನೂ ನೆನೆಯಬಹುದು.) ಹೀಗಿರುವಾಗ ಬಿರ್ಕೆಲಂಡನಿಗೆ ಬೇಕಾದುದು ಎರಡು: ಬೆಳಕಿನ ಎತ್ತರ, ಮುಳ್ಳಿನ ನಡುಕ. ಎರಡನ್ನೂ ಬೆಳಕಿನ ಕೆಳಗೇ ಕುಳಿತು ಅಳೆಯಬೇಕು.

1897ರ ಚಳಿಗಾಲದಲ್ಲಿ ಅವನು ಮೊದಲ ಬಾರಿಗೆ ಫಿನ್‌ಮಾರ್ಕಿನ ಬೆಟ್ಟಗಳನ್ನು ಹತ್ತಿದನು. ಆಲ್ಟಾ ಎಂಬ ಊರಿನ ಬಳಿ, ಸಮುದ್ರವು ಬೆಟ್ಟಗಳ ನಡುವೆ ತೋಳು ಚಾಚಿದ ಕಡೆ, ಕೋಫ್ಯೂರ್ ಎಂಬ ಹಳ್ಳಿ. ಅಲ್ಲಿ ಹಳೆಯ ತಾಮ್ರದ ಗಣಿಗಳಿದ್ದುವು. ಆ ಹಳ್ಳಿಯ ನೆತ್ತಿಯ ಮೇಲೆ ಹಾಲ್ಡೆ ಬೆಟ್ಟ. 1899ರಲ್ಲಿ ಸರಕಾರದ ನೆರವಿನಿಂದ ಆ ಬೆಟ್ಟದ ತುದಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ಕಲ್ಲಿನ ಮನೆಯನ್ನು ಕಟ್ಟಿಸಿದನು. ಮೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದ್ದ ಇನ್ನೊಂದು ಶಿಖರದ ಮೇಲೆ ಮತ್ತೊಂದು ಮನೆ. ಒಂದೇ ಕ್ಷಣದಲ್ಲಿ ಎರಡು ಶಿಖರಗಳಿಂದ ಒಂದೇ ಬೆಳಕಿನ ತುದಿಯನ್ನು ನೋಡಿದರೆ ಕೋನಗಳ ವ್ಯತ್ಯಾಸದಿಂದ ಅದರ ಎತ್ತರವನ್ನು ತಿಳಿಯಬಹುದೆಂಬುದು ಅವನ ಲೆಕ್ಕ. ಗಿಡವಿಲ್ಲ, ಮರವಿಲ್ಲ, ಗಾಳಿಗೆ ತಡೆಯೆಂಬುದಿಲ್ಲ. ಅಂಥ ಕಡೆಗೆ ಉಪಕರಣಗಳನ್ನೂ ಉರುವಲನ್ನೂ ಆಹಾರವನ್ನೂ ಸಾಗಿಸಿ, ಚಳಿಗಾಲವಿಡೀ ಬಾಳಬೇಕು.

ಆ ಬಾಳು ಎಂಥದೆಂಬುದನ್ನು ಊಹಿಸಿಕೊಳ್ಳಿರಿ. ಬಿರುಗಾಳಿ ಎದ್ದರೆ ಬಾಗಿಲು ತೆರೆಯಲಾಗದು. ದಿನಗಟ್ಟಲೆ ಒಳಗೇ ಕೂಡಿಬೀಳಬೇಕು. ಗಾಳಿ ನಿಂತ ರಾತ್ರಿಯೇ ಕೆಲಸದ ರಾತ್ರಿ. ಆಗ ನಿದ್ರೆಯ ಮಾತೇ ಇಲ್ಲ. ಒಬ್ಬನು ಹೊರಗೆ ಆಕಾಶವನ್ನು ನೋಡುತ್ತ ನಿಲ್ಲಬೇಕು, ಇನ್ನೊಬ್ಬನು ಒಳಗೆ ಮುಳ್ಳನ್ನು ಕಾಯಬೇಕು. ಅಯಸ್ಕಾಂತದ ಮುಳ್ಳಿಗೆ ಸಣ್ಣದೊಂದು ಕನ್ನಡಿಯನ್ನು ಅಂಟಿಸಿ, ಅದರಿಂದ ಹಿಂದಿರುಗಿದ ಬೆಳಕಿನ ಚುಕ್ಕೆಯು ಮೆಲ್ಲನೆ ಸುತ್ತುವ ಛಾಯಾಚಿತ್ರದ ಕಾಗದದ ಮೇಲೆ ಗೆರೆ ಬರೆಯುವಂತೆ ಮಾಡುವುದು ಆ ಕಾಲದ ಪದ್ಧತಿ. ಹೊರಗೆ ಹಸುರು ತೆರೆ ತುಯ್ದಾಡಿದರೆ ಒಳಗೆ ಆ ಗೆರೆಯೂ ತುಯ್ದಾಡುವುದು. ಬಿರ್ಕೆಲಂಡನ ಪಾಲಿಗೆ ಈ ಎರಡೂ ಒಂದೇ ಬರಹದ ಎರಡು ಲಿಪಿಗಳಾಗಿದ್ದುವು.

ಈ ಬೆಟ್ಟವು ಬೆಲೆಯನ್ನೂ ವಸೂಲು ಮಾಡಿತು. ವೈದ್ಯ ವಿದ್ಯಾರ್ಥಿಯಾಗಿದ್ದ ಬ್ಯೋರ್ನ್ ಹೆಲಂಡ್-ಹಾನ್ಸೆನ್ ಎಂಬ ತರುಣನು ಬಿರ್ಕೆಲಂಡನ ಸಹಾಯಕ್ಕೆ ಬಂದು, ಹಿಮಗಾಳಿಗೆ ಸಿಕ್ಕಿ, ಕೈಬೆರಳುಗಳ ಭಾಗಗಳನ್ನು ಕಳೆದುಕೊಂಡನು. ಬೆರಳಿಲ್ಲದವನು ಶಸ್ತ್ರವೈದ್ಯನಾಗುವುದೆಂತು? ಅವನು ವೈದ್ಯವಿದ್ಯೆಯನ್ನು ಬಿಟ್ಟು ಸಮುದ್ರಶಾಸ್ತ್ರಕ್ಕೆ ತಿರುಗಿದನು. ಮುಂದೆ ಆ ಶಾಸ್ತ್ರದಲ್ಲಿ ಜಗತ್ತಿಗೇ ಹೆಸರಾದನು. ಎಲಿಸಾರ್ ಬೋಯೆ ಎಂಬ ಇನ್ನೊಬ್ಬ ಸಹಾಯಕನಿಗೆ ಅಂಥ ಎರಡನೆಯ ಬಾಳು ದೊರೆಯಲಿಲ್ಲ. 1900ರಲ್ಲಿ ಹಿಮವು ಕುಸಿದು ಅವನು ಅದರಡಿಯಲ್ಲಿ ಸಿಕ್ಕಿ ಸತ್ತನು. ಒಂದು ಬೆಳಕಿನ ಕಾರಣವನ್ನು ತಿಳಿಯಲು ಒಬ್ಬ ತರುಣನ ಪ್ರಾಣವು ತಕ್ಕ ಬೆಲೆಯೆ? ವಿಜ್ಞಾನದ ಇತಿಹಾಸವನ್ನು ಬರೆಯುವವರು ಇಂಥ ಪ್ರಶ್ನೆಯನ್ನು ಬೇಗ ದಾಟಿಹೋಗುತ್ತಾರೆ. ನಾಯಕನ ಹೆಸರು ನೋಟಿನ ಮೇಲೆ ಬರುತ್ತದೆ, ಬೋಯೆಯ ಹೆಸರು ಎಲ್ಲಿಯೂ ಬರುವುದಿಲ್ಲ. ಆದುದರಿಂದ ಇಲ್ಲಿಯಾದರೂ ಅದನ್ನು ಬರೆದಿದೆ. ಇಷ್ಟಾಗಿಯೂ ಬೆಳಕಿನ ಎತ್ತರವು ಆ ಚಳಿಗಾಲದಲ್ಲಿ ಸಿಕ್ಕಲಿಲ್ಲ. ನೂರು ಕಿಲೋಮೀಟರಿನಷ್ಟು ಮೇಲಿರುವ ಬೆಳಕಿಗೆ ಮೂರು ನಾಲ್ಕು ಕಿಲೋಮೀಟರಿನ ಅಂತರ ಸಾಲದು. ಮುಂದೆ ಕಾರ್ಲ್ ಸ್ಟೋರ್ಮರ್ ಎಂಬ ಅವನ ನಾಡಿನ ಗಣಿತಜ್ಞನೇ ಹೆಚ್ಚು ದೂರದಿಂದ ಛಾಯಾಚಿತ್ರಗಳನ್ನು ತೆಗೆದು ಆ ಎತ್ತರವನ್ನು ನಿಶ್ಚಯಿಸಿದನು.

ಬಿರ್ಕೆಲಂಡನು ಹಿಂಜರಿಯಲಿಲ್ಲ. ಒಂದೇ ಬೆಟ್ಟದಿಂದ ನೋಡಿದರೆ ಸಾಲದೆಂದು ಮನಗಂಡು 1902-03ರ ಚಳಿಗಾಲದಲ್ಲಿ ಏಕಕಾಲಕ್ಕೆ ನಾಲ್ಕು ಠಾಣೆಗಳನ್ನು ಹೂಡಿದನು: ನಾರ್ವೆಯಲ್ಲಿ ಕೋಫ್ಯೂರ್, ಐಸ್‌ಲೆಂಡಿನಲ್ಲಿ ದೀರಫ್ಯೂರ್, ಸ್ಪಿಟ್ಸ್‌ಬರ್ಗೆನ್ನಿನಲ್ಲಿ ಆಕ್ಸೆಲ್ ದ್ವೀಪ, ರಷ್ಯದ ಉತ್ತರ ಕಡಲಿನ ನೋವಾಯ ಜೆಮ್ಲ್ಯಾದಲ್ಲಿ ಮಾಟೋಚ್ಕಿನ್ ಜಲಸಂಧಿ. ಅಲ್ಲಿ ಕೆಲವರು ತಿಂಗಳುಗಟ್ಟಲೆ ಹೊರಜಗತ್ತಿನ ಸುದ್ದಿಯಿಲ್ಲದೆ ಮುಳ್ಳಿನ ಗೆರೆಗಳನ್ನು ಕೂಡಿಹಾಕಿದರು. ಬೇರೆ ದೇಶಗಳ ವೀಕ್ಷಣಾಲಯಗಳ ಬರಹಗಳನ್ನೂ ತರಿಸಿ ಎಲ್ಲವನ್ನೂ ಗಂಟೆ ಗಂಟೆಗೆ ಹೊಂದಿಸಿ ನೋಡಿದಾಗ ಬಿರ್ಕೆಲಂಡನಿಗೆ ಒಂದು ಚಿತ್ರವು ಸ್ಪಷ್ಟವಾಯಿತು. ಧ್ರುವಪ್ರಭೆಯ ಜಾಡಿನಲ್ಲಿ, ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಲಕ್ಷಾಂತರ ಆಂಪಿಯರ್ ವಿದ್ಯುತ್ತು ಹರಿಯುತ್ತಿದೆ. ಆ ವಿದ್ಯುತ್ತು ಅಲ್ಲಿಯೇ ಹುಟ್ಟಿದುದಲ್ಲ. ಭೂಮಿಯ ಕಾಂತರೇಖೆಗಳ ಗುಂಟ ಆಕಾಶದಿಂದ ಇಳಿದು, ಧ್ರುವಪ್ರಭೆಯ ಉದ್ದಕ್ಕೂ ಹರಿದು, ಮತ್ತೆ ಮೇಲಕ್ಕೇರಿ ಹೋಗುತ್ತದೆ. 1908ರಲ್ಲಿ ಒಂದು ಸಂಪುಟವಾಗಿ, 1913ರಲ್ಲಿ ಇನ್ನೊಂದು ಸಂಪುಟವಾಗಿ ಅವನು ಇದನ್ನೆಲ್ಲ ಪ್ರಕಟಿಸಿದನು.

ಇದಕ್ಕೆಲ್ಲ ಹಣವೆಲ್ಲಿಂದ ಬಂದೀತು? ಪ್ರಾಧ್ಯಾಪಕನ ಸಂಬಳದಲ್ಲಿ ನಾಲ್ಕು ಠಾಣೆಗಳು ನಡೆಯವು. ಬಿರ್ಕೆಲಂಡನು ಮದ್ದಿಲ್ಲದೆ ವಿದ್ಯುತ್ತಿನ ಬಲದಿಂದಲೇ ಗುಂಡು ಹಾರಿಸುವ ಫಿರಂಗಿಯೊಂದನ್ನು ರಚಿಸಿ ಅದನ್ನು ಮಾರಲು ಯೋಚಿಸಿದನು. 1903ರ ಫೆಬ್ರವರಿ 6ರಂದು ವಿಶ್ವವಿದ್ಯಾಲಯದ ಸಭಾಭವನದಲ್ಲಿ ಗಣ್ಯರ ಎದುರಿಗೆ ಅದರ ಪ್ರದರ್ಶನ ನಡೆಯಿತು. ಗುಂಡಿಯನ್ನು ಒತ್ತಿದೊಡನೆ ಒಳಗೆ ವಿದ್ಯುತ್ತು ದಾರಿತಪ್ಪಿ ಭಯಂಕರವಾದ ಸದ್ದೂ ಕಣ್ಣು ಕೋರೈಸುವ ಜ್ವಾಲೆಯೂ ಎದ್ದುವು. ಸಭಿಕರು ಬೆಚ್ಚಿಬಿದ್ದರು. ಫಿರಂಗಿಯ ವ್ಯಾಪಾರವು ಅಲ್ಲಿಗೆ ಮುಗಿಯಿತು.

ಆದರೆ ಕೆಟ್ಟುದರಿಂದಲೇ ಒಂದು ಒಳ್ಳೆಯದು ಒದಗಿತು. ಒಂದು ವಾರ ಕಳೆದ ಮೇಲೆ ಔತಣವೊಂದರಲ್ಲಿ ಅವನಿಗೆ ಸಾಮ್ ಐಡೆ ಎಂಬ ಇಂಜಿನಿಯರನ ಭೇಟಿಯಾಯಿತು. ಐಡೆಯ ಕೈಯಲ್ಲಿ ಜಲಪಾತಗಳಿದ್ದುವು. ಅವುಗಳ ವಿದ್ಯುತ್ತಿಗೆ ಕೆಲಸ ಬೇಕಾಗಿತ್ತು. ಆ ಕಾಲದಲ್ಲಿ ಯೂರೋಪಿನ ಹೊಲಗಳು ಚಿಲಿ ದೇಶದ ಪೆಟ್ಲುಪ್ಪನ್ನೇ ನಂಬಿದ್ದುವು. ಅದು ಮುಗಿದರೆ ಗೋಧಿಗೆ ಗೊಬ್ಬರವಿಲ್ಲವೆಂದು ಇಂಗ್ಲೆಂಡಿನ ಕ್ರೂಕ್ಸ್ ಎಂಬ ವಿಜ್ಞಾನಿಯು 1898ರಲ್ಲಿಯೇ ಎಚ್ಚರಿಸಿದ್ದನು. ಗಾಳಿಯಲ್ಲಿರುವ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸಲು ಮಿಂಚಿನಂಥ ಶಾಖವು ಬೇಕೆಂದು ಐಡೆಯು ಹುಡುಕುತ್ತಿದ್ದನು. ಅಂಥ ಮಿಂಚನ್ನು ಬಿರ್ಕೆಲಂಡನು ಒಂದು ವಾರದ ಹಿಂದೆ ತಾನೆ ಬೇಡವೆಂದರೂ ತಯಾರಿಸಿದ್ದನು! ವಿದ್ಯುತ್ತಿನ ಜ್ವಾಲೆಯನ್ನು ಬಲವಾದ ಅಯಸ್ಕಾಂತದಿಂದ ಹರಡಿ, ಉರಿಯುವ ದೊಡ್ಡ ತಟ್ಟೆಯಂತೆ ಮಾಡಿ, ಅದರ ಮೂಲಕ ಗಾಳಿಯನ್ನು ಹಾಯಿಸುವ ಕುಲುಮೆಯನ್ನು ಅವನು ಕಲ್ಪಿಸಿದನು. ಹೊರಬಂದ ಅನಿಲದಿಂದ ನೈಟ್ರಿಕ್ ಆಮ್ಲ, ಆಮ್ಲವನ್ನು ಸುಣ್ಣಕಲ್ಲಿನೊಡನೆ ಸೇರಿಸಿ ಗೊಬ್ಬರ. 1905ರಲ್ಲಿ ನೋಟೋಡನ್ ಎಂಬ ಊರಿನಲ್ಲಿ ಕಾರ್ಖಾನೆ ಎದ್ದಿತು. ಆ ವರ್ಷದ ಡಿಸೆಂಬರಿನಲ್ಲಿ ನಾರ್ಸ್ಕ್ ಹೈಡ್ರೋ ಎಂಬ ಕಂಪನಿಯು ಸ್ಥಾಪನೆಯಾಯಿತು. ನಾರ್ವೆಯ ಉದ್ಯಮಗಳಲ್ಲಿ ಅದು ಹಿರಿಯದಾಗಿ ಬೆಳೆಯಿತು. ಈ ಕುಲುಮೆಗಳು ವಿದ್ಯುತ್ತನ್ನು ಬಹಳವಾಗಿ ನುಂಗುತ್ತಿದ್ದುದರಿಂದ ಮುಂದೆ ಜರ್ಮನಿಯ ಹೇಬರನ ಪದ್ಧತಿಯು ಅವುಗಳ ಸ್ಥಾನವನ್ನು ಆಕ್ರಮಿಸಿತು. ಬಿರ್ಕೆಲಂಡನಿಗೆ ಅದರ ಚಿಂತೆ ಅಷ್ಟಿರಲಿಲ್ಲ. ಗೊಬ್ಬರದಿಂದ ಬಂದ ಹಣವು ಅವನ ಕೈಸೇರಿ ಪುನಃ ಧ್ರುವಪ್ರಭೆಯ ಕೆಲಸಕ್ಕೇ ಸುರಿಯಲ್ಪಟ್ಟಿತು.

ಆ ಹಣದಿಂದ ಅವನು ಕಟ್ಟಿದ ಪುಟ್ಟ ಭೂಮಿಯ ವಿಚಾರವು ಬಲು ಸ್ವಾರಸ್ಯವಾದುದು. ಒಂದು ಲೋಹದ ಗೋಳ, ಅದರೊಳಗೆ ವಿದ್ಯುದಯಸ್ಕಾಂತ, ಮೇಲೆ ಕಿರಣ ತಗುಲಿದರೆ ಹೊಳೆಯುವ ಲೇಪ. ಇದನ್ನು ಗಾಜಿನ ಗೋಡೆಯ ಪೆಟ್ಟಿಗೆಯಲ್ಲಿ ತೂಗುಹಾಕಿ, ಗಾಳಿಯನ್ನು ಹೊರತೆಗೆದು, ಒಂದು ಬದಿಯಿಂದ ಕ್ಯಾಥೋಡ್ ಕಿರಣಗಳನ್ನು ಹಾಯಿಸುವನು. ಅಯಸ್ಕಾಂತಕ್ಕೆ ವಿದ್ಯುತ್ತು ಕೊಡದಿದ್ದಾಗ ಕಿರಣಗಳಿಗೆ ಎದುರಾದ ಅರ್ಧಗೋಳವೆಲ್ಲ ಹೊಳೆಯುವುದು. ವಿದ್ಯುತ್ತು ಕೊಟ್ಟೊಡನೆ ಆ ಬೆಳಕು ಚದುರಿ, ಎರಡು ಧ್ರುವಗಳ ಸುತ್ತ ಎರಡು ಬೆಳಕಿನ ಪಟ್ಟಿಗಳಾಗಿ ನಿಲ್ಲುವುದು. ಹಾಲ್ಡೆ ಬೆಟ್ಟದ ಮೇಲೆ ಕಂಡುದು ಮೇಜಿನ ಮೇಲೆಯೂ ಕಂಡಿತು. ಇಂಥ ಪೆಟ್ಟಿಗೆಗಳನ್ನು ಅವನು ಒಂದಕ್ಕಿಂತ ಒಂದು ದೊಡ್ಡದಾಗಿ ಕಟ್ಟುತ್ತ ಹೋದನು. ಕೊನೆಯದು ಮನುಷ್ಯನೊಬ್ಬನು ಒಳಹೊಗಬಹುದಾದಷ್ಟು ದೊಡ್ಡದಾಗಿತ್ತು.

ಸಂಸಾರದಲ್ಲಿ ಅವನಿಗೆ ಸುಖವಿರಲಿಲ್ಲ. 1905ರಲ್ಲಿ ಆದ ಮದುವೆಯು 1911ರಲ್ಲಿ ಮುರಿಯಿತು. ಹಗಲಿರುಳೂ ಪ್ರಯೋಗಶಾಲೆಯಲ್ಲಿರುವ ಗಂಡನೊಡನೆ ಬಾಳುವುದು ಸುಲಭವಲ್ಲವೆಂದು ಯಾರೂ ಊಹಿಸಬಹುದು. ಐಡೆಯೊಡನೆ ಇದ್ದ ಸ್ನೇಹವೂ ಹಳಸಿತು. ನೊಬೆಲ್ ಬಹುಮಾನಕ್ಕೆ ಹಲವು ಸಲ ಅವನ ಹೆಸರನ್ನು ಸೂಚಿಸಿದರೂ ಅದು ಅವನಿಗೆ ಬರಲಿಲ್ಲ. ನಿದ್ರೆಯು ದೂರವಾಯಿತು, ನಿದ್ರೆಗಾಗಿ ವೆರೋನಾಲ್ ಎಂಬ ಔಷಧವನ್ನು ಅವಲಂಬಿಸತೊಡಗಿದನು.

ಸೂರ್ಯಾಸ್ತದ ಅನಂತರ ಉಷ್ಣದೇಶಗಳ ಆಕಾಶದಲ್ಲಿ ಕಾಣುವ ಮಸುಕಾದ ಬೆಳಕಿನ ಗೋಪುರವೊಂದಿದೆ, ಅದನ್ನು ರಾಶಿಚಕ್ರಪ್ರಭೆಯೆನ್ನುತ್ತಾರೆ. ಅದಕ್ಕೂ ಸೂರ್ಯನ ವಿದ್ಯುತ್ ಕಿರಣಗಳಿಗೂ ಸಂಬಂಧವಿರಬೇಕೆಂದು ಬಿರ್ಕೆಲಂಡನು ಭಾವಿಸಿ, ಹಿಮದ ನಾಡನ್ನು ಬಿಟ್ಟು ಸುಡಾನಿಗೂ ಈಜಿಪ್ಟಿಗೂ ಹೋಗಿ ಮರಳುಗಾಡಿನಲ್ಲಿ ಬಿಡಾರ ಹೂಡಿದನು. ಈ ವಿಷಯದಲ್ಲಿ ಅವನ ಎಣಿಕೆ ತಪ್ಪಾಗಿತ್ತು. ಗ್ರಹಗಳ ನಡುವಣ ಧೂಳಿನ ಮೇಲೆ ಬಿಸಿಲು ಬಿದ್ದು ಆ ಬೆಳಕು ಉಂಟಾಗುತ್ತದೆಂದು ಈಗ ತಿಳಿದಿದೆ. ಅಷ್ಟರಲ್ಲಿ 1914ರ ಮಹಾಯುದ್ಧವು ಆರಂಭವಾಯಿತು. ಈಜಿಪ್ಟಿನಲ್ಲಿ ಒಂಟಿಯಾಗಿದ್ದ ಬಿರ್ಕೆಲಂಡನಿಗೆ ಇಂಗ್ಲಿಷರ ಗೂಢಚಾರರು ತನ್ನ ಬೆನ್ನ ಹಿಂದೆ ಇದ್ದಾರೆಂಬ ಶಂಕೆಯು ಹತ್ತಿ ಮನಸ್ಸು ಕದಡಿತು. ಯುದ್ಧದ ಕಡಲುಗಳನ್ನು ತಪ್ಪಿಸಿ ಜಪಾನಿನ ಸುತ್ತುದಾರಿಯಿಂದ ಊರಿಗೆ ಮರಳಬೇಕೆಂದು 1917ರಲ್ಲಿ ಹೊರಟನು. ಟೋಕಿಯೋ ನಗರದ ಹೋಟೆಲೊಂದರಲ್ಲಿ ಜೂನ್ 15ರಂದು ಅವನು ಹಾಸಿಗೆಯಲ್ಲಿ ಸತ್ತಿರುವುದು ಕಂಡುಬಂದಿತು. ನಿದ್ರೆಯ ಔಷಧದ ಪ್ರಮಾಣವು ಮಿತಿಮೀರಿತ್ತು. ಆಗ ಅವನಿಗೆ ನಲವತ್ತೊಂಬತ್ತು ವರ್ಷ.

ಅವನ ಮತವೂ ಅವನೊಡನೆ ಸತ್ತಂತೆಯೇ ಆಯಿತು. ಇಂಗ್ಲೆಂಡಿನ ಸಿಡ್ನಿ ಚಾಪ್‌ಮನ್ ಎಂಬ ಗಣಿತಕುಶಲನು, ಧ್ರುವಪ್ರಭೆಯ ವಿದ್ಯುತ್ತು ಮೇಲಿನ ವಾಯುಮಂಡಲದಲ್ಲಿಯೇ ಸುತ್ತಿ ಬರುತ್ತದೆ, ಹೊರ ಆಕಾಶದಿಂದ ಇಳಿದು ಬರುವುದಿಲ್ಲ ಎಂಬ ವಾದವನ್ನು ಅಂದವಾದ ಲೆಕ್ಕಗಳೊಡನೆ ಕಟ್ಟಿದನು. ನೆಲದ ಮೇಲಿನ ಮುಳ್ಳುಗಳಿಂದ ಮಾತ್ರವೇ ಈ ಎರಡು ವಾದಗಳಲ್ಲಿ ಯಾವುದು ನಿಜವೆಂದು ಬೇರ್ಪಡಿಸಲು ಸಾಧ್ಯವಿರಲಿಲ್ಲ. ಅರ್ಧ ಶತಮಾನದವರೆಗೆ ಬಹುಮಂದಿ ಚಾಪ್‌ಮನ್ನನನ್ನೇ ನಂಬಿದರು. ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ನನು 1939ರಲ್ಲಿ ಬಿರ್ಕೆಲಂಡನ ಪಕ್ಷವನ್ನು ಹಿಡಿದನಾದರೂ ಕೇಳಿದವರು ಕಡಿಮೆ.

ತೀರ್ಪು ಬಂದುದು ಮೇಲಿನಿಂದ. ಅಮೆರಿಕದ ನೌಕಾಪಡೆಯವರು 1963ರಲ್ಲಿ ಹಾರಿಸಿದ ಉಪಗ್ರಹವೊಂದು ಧ್ರುವಪ್ರಭೆಯ ವಲಯದ ಮೇಲೆ ಹಾದುಹೋದಾಗಲೆಲ್ಲ ಅದರಲ್ಲಿದ್ದ ಕಾಂತಮಾಪಕವು ತುಯ್ದಾಡಿತು. 1966ರಲ್ಲಿ ಆ ಅಳತೆಗಳು ಪ್ರಕಟವಾದುವು. ಮಾರನೆಯ ವರ್ಷವೇ, ಇವು ಕಾಂತರೇಖೆಗಳ ಗುಂಟ ಇಳಿಯುವ ಮತ್ತು ಏರುವ ವಿದ್ಯುತ್ ಪ್ರವಾಹಗಳೆಂದು ವಿಜ್ಞಾನಿಗಳು ಗುರುತಿಸಿದರು. ಇಂದು ಅವುಗಳಿಗೆ ಬಿರ್ಕೆಲಂಡ್ ಪ್ರವಾಹಗಳೆಂದೇ ಹೆಸರು. ಅವನು ಹೇಳಿದುದೆಲ್ಲವೂ ಅಕ್ಷರಶಃ ಸರಿಯಾಗಿತ್ತೆಂದಲ್ಲ. ಸೂರ್ಯನ ಕಣಗಳು ನೇರವಾಗಿ ಧ್ರುವಕ್ಕೆ ಬಂದು ಬೀಳುವುದಿಲ್ಲ; ಸೂರ್ಯನಿಂದ ಎಡೆಬಿಡದೆ ಬೀಸುವ ವಿದ್ಯುತ್ಕಣಗಳ ಗಾಳಿಯು ಭೂಮಿಯ ಕಾಂತಕ್ಷೇತ್ರವನ್ನು ಹಿಂದಕ್ಕೆ ಬಾಲದಂತೆ ಎಳೆದು, ಅಲ್ಲಿ ಶಕ್ತಿಯನ್ನು ಕೂಡಿಡುತ್ತದೆ; ಆ ಶಕ್ತಿಯು ಬಿಡುಗಡೆಯಾದಾಗ ಕಣಗಳು ರಭಸದಿಂದ ಇಳಿದು ಆಮ್ಲಜನಕಕ್ಕೆ ಬಡಿದು ಹಸುರು ಬೆಳಕನ್ನು ಹೊಮ್ಮಿಸುತ್ತವೆ. 2024ರ ಮೇ ತಿಂಗಳಲ್ಲಿ ಅಂಥದೊಂದು ದೊಡ್ಡ ಬಿರುಗಾಳಿಯು ಎದ್ದಾಗ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರು ನಡೆಸುವ ವೀಕ್ಷಣಾಲಯದ ಕ್ಯಾಮರಾಗಳಿಗೂ ಉತ್ತರ ದಿಗಂತದ ಕೆಂಪು ಹೊಳಪು ಸಿಕ್ಕಿತು.

ಹಾಲ್ಡೆ ಬೆಟ್ಟದ ಮೇಲೆ ಬಿರ್ಕೆಲಂಡನ ಶಿಷ್ಯರು ಕೆಲಸವನ್ನು ಮುಂದುವರಿಸಿದರು. 1912ರಲ್ಲಿ ಅಲ್ಲಿ ದೊಡ್ಡ ಮನೆಯೊಂದು ಸೇರಿಕೊಂಡಿತು. ವಿಜ್ಞಾನಿಗಳು ಹೆಂಡಿರು ಮಕ್ಕಳೊಡನೆ ಅಲ್ಲಿ ಸಂಸಾರ ಹೂಡಿದರು. 1926ರಲ್ಲಿ ಠಾಣೆಯನ್ನು ಮುಚ್ಚಿದರು. 1944ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯವು ಅದಕ್ಕೆ ಬೆಂಕಿಯಿಟ್ಟಿತು. ಕಲ್ಲಿನ ಗೋಡೆಗಳು ಮಾತ್ರ ಬಹುಕಾಲ ಹಾಗೆಯೇ ನಿಂತಿದ್ದುವು. ಆಮೇಲೆ ಆ ಊರಿನವರು ಅವುಗಳನ್ನು ದುರಸ್ತಿ ಮಾಡಿ ಮಾಡು ಹೊದಿಸಿದರು. ಈಗ ಬೇಸಗೆಯಲ್ಲಿ ಕೋಫ್ಯೂರಿನಿಂದ ನಡೆದುಕೊಂಡೇ ಹತ್ತಿ ಬರುವವರು ಆ ಮನೆಯನ್ನು ನೋಡಿಹೋಗುತ್ತಾರೆ. ಬೇಸಗೆಯಲ್ಲಿ ಅಲ್ಲಿ ಕತ್ತಲೆಯಾಗುವುದಿಲ್ಲವಾದುದರಿಂದ ಧ್ರುವಪ್ರಭೆಯು ಮಾತ್ರ ಅವರಿಗೆ ಕಾಣಿಸುವುದಿಲ್ಲ.